ಹುಳವೆಂದರೆ ಯಾವ ಹುಳ?

ಎರೆಹುಳು, ಲಾಡಿಹುಳು, ಜಂತುಹುಳು, ಕಂಬಳಿಹುಳು, ಬಸವನಹುಳು. ಕನ್ನಡದಲ್ಲಿ ಐದೂ ಹುಳುಗಳೇ. ಬೆನ್ನೆಲುಬಿಲ್ಲ, ಮೈ ಮೆತ್ತಗೆ ಎಂಬುದು ಬಿಟ್ಟರೆ ಇವುಗಳ ನಡುವೆ ಹೆಚ್ಚು ಹೋಲಿಕೆಯಿಲ್ಲ. ಪ್ರಾಣಿವಿಜ್ಞಾನದ ಲೆಕ್ಕದಲ್ಲಿ ಇವು ಐದು ಬೇರೆ ಬೇರೆ ವಂಶಗಳಿಗೆ, ಅಂದರೆ ಪ್ರಾಣಿಲೋಕದ ದೊಡ್ಡ ವಿಭಾಗಗಳಿಗೆ, ಸೇರಿವೆ. ಮೀನು ಮತ್ತು ಮನುಷ್ಯ ಒಂದೇ ವಂಶದವರು ಎಂದು ನೆನೆದರೆ ಈ ಅಂತರ ಎಷ್ಟು ದೊಡ್ಡದೆಂದು ತಿಳಿದೀತು.

ಎರೆಹುಳುವನ್ನು ತೊಳೆದು ಒಣ ಕಾಗದದ ಮೇಲೆ ಬಿಟ್ಟು ಕಿವಿಗೊಡಿ. ಸಣ್ಣಗೆ ಪರಪರ ಸದ್ದು ಕೇಳುತ್ತದೆ. ಅದರ ಮೈಯ ಖಂಡಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಗೂದಲುಗಳು ಕಾಗದವನ್ನು ಕೆರೆಯುವ ಸದ್ದು ಅದು. ಒಂದು ನಿಮಿಷ ನೋಡಿ ಹಸಿ ಮಣ್ಣಿಗೆ ಬಿಟ್ಟುಬಿಡಿ. ಶ್ವಾಸಕೋಶವಿಲ್ಲದ ಈ ಜೀವಿ ಉಸಿರಾಡುವುದು ಒದ್ದೆ ಚರ್ಮದಿಂದ, ಚರ್ಮ ಒಣಗಿದರೆ ಉಸಿರು ಕಟ್ಟುತ್ತದೆ. ಹೊರಗೆ ಕಾಣುವ ಉಂಗುರಗಳಿಗೆ ಸರಿಯಾಗಿ ಒಳಗೂ ಅಡ್ಡಗೋಡೆಗಳಿವೆ. ವಲಯವಂತಗಳೆಂಬ ಈ ವಂಶದ ಗುರುತು ಇದೇ. ಮಲೆನಾಡಿನ ಇಂಬಳವೆಂಬ ಜಿಗಣೆಯೂ ಇದೇ ವಂಶದ್ದು, ಆದರೆ ಅದರ ಉಂಗುರ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಜಿಗಣೆಗಳಿಗೆ ಇರುವುದು 33 ಖಂಡ ಮಾತ್ರ. ಒಂದೊಂದು ಖಂಡದ ಮೇಲೂ ಹಲವು ಉಂಗುರಗಳಿರುವುದರಿಂದ ಹೊರಗಿನ ಎಣಿಕೆ ನೂರರ ಹತ್ತಿರ ಹೋಗುತ್ತದೆ.

ಲಾಡಿಹುಳು ಇನ್ನೂ ಹೆಚ್ಚು ಮೋಸಗೊಳಿಸುತ್ತದೆ. ಅದರ ಮೈಯೂ ತುಣುಕು ತುಣುಕಾಗಿಯೇ ಕಾಣುತ್ತದೆ, ಆದರೆ ಅವು ನಿಜವಾದ ಖಂಡಗಳಲ್ಲ, ಮೊಟ್ಟೆ ತುಂಬಿಕೊಳ್ಳುವ ಚೀಲಗಳು. ತಲೆಯ ಹಿಂದಿನ ಕತ್ತಿನಲ್ಲಿ ಹೊಸ ತುಣುಕು ಹುಟ್ಟುತ್ತಾ ಹೋಗುತ್ತದೆ, ಬಾಲದ ತುದಿಯಲ್ಲಿ ಬಲಿತವು ಕಳಚಿ ಮಲದ ಜತೆ ಹೊರಬೀಳುತ್ತವೆ. ಎರೆಹುಳುವಿನಲ್ಲಿ ಇದು ತಿರುಗುಮುರುಗು. ಹೊಸ ಖಂಡಗಳು ಹುಟ್ಟುವುದು ಬಾಲದ ಕಡೆ. ಚಪ್ಪಟೆಹುಳುಗಳ ವಂಶದ ಲಾಡಿಹುಳುವಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ನಮ್ಮ ಕರುಳಿನಲ್ಲಿ ಜೀರ್ಣವಾದದ್ದನ್ನು ಮೈಯಿಂದಲೇ ಹೀರುತ್ತದೆ. ಚಿಕಿತ್ಸೆಯ ನಂತರ ಮೀಟರುಗಟ್ಟಲೆ ಲಾಡಿ ಹೊರಬಿದ್ದರೂ ತಲೆ ಒಳಗೆ ಅಂಟಿಕೊಂಡೇ ಉಳಿದಿದ್ದರೆ ಕೆಲವು ತಿಂಗಳಲ್ಲಿ ಮತ್ತೆ ಪೂರ್ತಿ ಬೆಳೆಯುತ್ತದೆ.

ಜಂತುಹುಳು ದುಂಡುಹುಳುಗಳ ಗುಂಪಿನದು. ನುಣುಪಾದ ಮೈ, ಎರಡೂ ತುದಿ ಚೂಪು, ಒಂದು ಉಂಗುರವೂ ಇಲ್ಲ. ಸ್ನಾಯುಗಳು ಮೈಯುದ್ದಕ್ಕೆ ಮಾತ್ರ ಇವೆ. ಸುತ್ತು ಸ್ನಾಯು ಇಲ್ಲದ್ದರಿಂದ ಎರೆಹುಳುವಿನಂತೆ ಹಿಗ್ಗಿ ಕುಗ್ಗಿ ಸಾಗಲು ಬಾರದು. ಚಾಟಿಯಂತೆ ಬಳುಕುವುದೊಂದೇ ಅದರ ಚಲನೆ. ಟೊಮೇಟೊ ಬೇರಿನಲ್ಲಿ ಗಂಟು ಕಟ್ಟಿಸುವ ಸೂಕ್ಷ್ಮಜೀವಿಯೂ ಇದರ ನೆಂಟ.

ಕಂಬಳಿಹುಳುವಿನ ಕಾಲು ಎಣಿಸುವಾಗ ಎಚ್ಚರ ಬೇಕು. ತಲೆಯ ಹಿಂದಿನ ಮೂರು ಜೊತೆ ಮಾತ್ರ ಕೀಲುಳ್ಳ ನಿಜವಾದ ಕಾಲುಗಳು. ಹಿಂದಿರುವ ದಪ್ಪ, ಮಾಂಸಲ ಜೊತೆಗಳು, ಹೆಚ್ಚೆಂದರೆ ಐದು, ಬರಿಯ ಆಸರೆ. ಚಿಟ್ಟೆಯೋ ಪತಂಗವೋ ಆದಾಗ ಉಳಿಯುವುದಿಲ್ಲ. ಕಂಬಳಿಹುಳು ಸೇರಿರುವ ಕೀಲುಗಾಲಿನ ವಂಶದಲ್ಲಿ ಆರು ಕಾಲು ಕೀಟಕ್ಕೆ, ಎಂಟು ಜೇಡಕ್ಕೂ ಚೇಳಿಗೂ, ಹತ್ತು ಏಡಿಗೆ. ಚೇಳಿನ ಇಕ್ಕಳಗಳನ್ನು ಸೇರಿಸಿ ಹತ್ತು ಎನ್ನುವವರಿದ್ದಾರೆ, ಅವು ಕಾಲಲ್ಲ. ಶತಪದಿಗೆ ಖಂಡಕ್ಕೊಂದು ಜೊತೆ, ಒಟ್ಟು ಜೊತೆಗಳು ಸದಾ ಬೆಸ ಸಂಖ್ಯೆ. ಹಾಗಾಗಿ ಐವತ್ತು ಜೊತೆ, ಅಂದರೆ ಸರಿಯಾಗಿ ನೂರು ಕಾಲು, ಯಾವ ಶತಪದಿಗೂ ಇರದು! ಸಹಸ್ರಪದಿಗೆ ಬಹುತೇಕ ಉಂಗುರಗಳಲ್ಲಿ ಎರಡೆರಡು ಜೊತೆ.

ಬಸವನಹುಳು ಮೃದ್ವಂಗಿ. ತೆವಳಲು ಒಂದೇ ಅಗಲವಾದ ಪಾದ, ಚಿಪ್ಪನ್ನು ಸುರಿಸುವ ಹೊದಿಕೆ, ಗರಗಸದಂತೆ ಹಲ್ಲು ತುಂಬಿದ ನಾಲಗೆ. ಚಿಪ್ಪಿಗೆ ಬೇಕಾದ ಸುಣ್ಣಕ್ಕಾಗಿ ಆಫ್ರಿಕಾದ ದೈತ್ಯ ಬಸವನಹುಳು ಗೋಡೆಗೆ ಬಳಿದ ಸುಣ್ಣವನ್ನೂ ಕೆರೆದು ತಿನ್ನುತ್ತದೆ. ಕರಾವಳಿಯ ಮರುವಾಯಿ, ಆಕ್ಟೋಪಸ್ ಇದರ ಬಳಗ.

ಹೆಸರಲ್ಲಿ ಹುಳುವಿಲ್ಲದ ಗುಂಪುಗಳೂ ಇವೆ: ಅಂಗಾಂಶವೇ ಇಲ್ಲದ ಸ್ಪಂಜು, ಕುಟುಕುವ ಜೀವಕೋಶಗಳ ಲೋಳೆಮೀನು, ಸಮುದ್ರ ಬಿಟ್ಟು ಎಲ್ಲೂ ಇರದ ನಕ್ಷತ್ರಮೀನು. ಇವುಗಳಲ್ಲಿ ನಮಗೆ ಹತ್ತಿರದ ಸಂಬಂಧಿ ನಕ್ಷತ್ರಮೀನು.

ಇನ್ನು ಆ ಐದು ಹುಳುಗಳಲ್ಲಿ ಯಾರಿಗೆ ಯಾರು ಹತ್ತಿರ? ಮೈ ಖಂಡಖಂಡವಾಗಿರುವುದರಿಂದ ಎರೆಹುಳು ಮತ್ತು ಕಂಬಳಿಹುಳು ದಾಯಾದಿಗಳೆಂದು ಬಹುಕಾಲ ನಂಬಲಾಗಿತ್ತು. 1997ರಲ್ಲಿ ವಂಶವಾಹಿಗಳ ಹೋಲಿಕೆ ಅದನ್ನು ತಲೆಕೆಳಗು ಮಾಡಿತು. ಕಂಬಳಿಹುಳುವಿಗೆ ಹತ್ತಿರವಾದದ್ದು ಒಂದು ಖಂಡವೂ ಇಲ್ಲದ ಜಂತುಹುಳು. ಎರಡೂ ಪೊರೆ ಕಳಚಿ ಬೆಳೆಯುತ್ತವೆ. ದುಂಡುಹುಳುಗಳು ಬಾಳಿನಲ್ಲಿ ನಾಲ್ಕು ಸಲ ಪೊರೆ ಬಿಡುತ್ತವೆ. ಎರೆಹುಳುವಿನ ನೆಂಟಸ್ತಿಕೆ ಬಸವನಹುಳು, ಲಾಡಿಹುಳುಗಳ ಕಡೆಗೆ. ಈ ಮೂರೂ ಹಾಗೆ ಪೊರೆ ಕಳಚುವುದಿಲ್ಲ.

ಪೊರೆ ಬಿಡುವುದನ್ನು ಸುಲಭವಾಗಿ ಕಾಣಲು ಏಡಿಯನ್ನು ಹುಡುಕಬೇಕು. ಗದ್ದೆಯ ಬದುವಿನಲ್ಲಿ ಕಾಲು, ಕೊಂಬು, ಕಣ್ಣಿನ ಹೊದಿಕೆ ಸಮೇತ ಪೂರ್ತಿ ಏಡಿಯಂತೆಯೇ ಬಿದ್ದಿರುವುದನ್ನು ಎತ್ತಿ ನೋಡಿ. ಹಗುರವಾಗಿದ್ದು, ಬೆನ್ನಿನ ಹಿಂಬದಿ ಬಾಯ್ದೆರೆದಿದ್ದರೆ ಅದು ಸತ್ತ ಏಡಿಯಲ್ಲ. ಅದರ ಒಡೆಯ ಹತ್ತಿರದ ಬಿಲದಲ್ಲಿ ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಮೆತ್ತಗೆ ಅಡಗಿ ಕೂತಿರುತ್ತದೆ.