ಮುಸುಕಿನ ಜೋಳದ ಚುಕ್ಕೆ ಮತ್ತು ಎಂಟು ಅಕ್ಷರದ ತಕರಾರು

ಮಾನಸಗಂಗೋತ್ರಿಯಲ್ಲಿ ಜೆನೆಟಿಕ್ಸ್ ಓದುವವರಿಗಾಗಿ, ಡಿಎನ್‌ಎಯಲ್ಲಿ ಜಾಗ ಬದಲಿಸುವ, ಅಂದರೆ ಜಿಗಿಯುವ ಜೀನ್‌ಗಳ ಬಗ್ಗೆ ಈ ಟಿಪ್ಪಣಿ. 1940ರ ದಶಕದಲ್ಲಿ ಮುಸುಕಿನ ಜೋಳದಲ್ಲಿ ಇವನ್ನು ಕಂಡುಹಿಡಿದ ಬಾರ್ಬರಾ ಮೆಕ್‌ಕ್ಲಿಂಟಾಕ್, ಅದಕ್ಕೆ ಸಿಕ್ಕ 1983ರ ನೊಬೆಲ್: ಇದೆಲ್ಲ ನಿಮಗೆ ಗೊತ್ತೇ ಇದೆ.

ಚಾಮುಂಡಿ ಬೆಟ್ಟದಲ್ಲಿ ಸುಟ್ಟು, ಉಪ್ಪು ಖಾರ ಸವರಿ ಕೊಡುವ ಜೋಳದಲ್ಲಿ ಅವರು ನೋಡಿದ ನೇರಳೆ ಚುಕ್ಕೆ ಹುಡುಕಬೇಡಿ. ಆ ಹಳದಿ, ಎಂಡೋಸ್ಪರ್ಮ್‌ನ (ಕಾಳಿನೊಳಗಿನ ಆಹಾರದ ಭಾಗದ) ಕೆರೋಟಿನಾಯ್ಡ್ ಎಂಬ ಬಣ್ಣದ ವಸ್ತುವಿನದು. ಪಾಠದಲ್ಲಿರುವ ನೇರಳೆ ಬಣ್ಣ ಸಿಪ್ಪೆಯ ಕೆಳಗಿನ ಅಲ್ಯೂರೋನ್ ಪದರದ್ದು.

ಜಿಗಿಯುವ ತುಣುಕು ಇಲ್ಲಿ ಎರಡು: ಡಿಎಸ್ (Ds) ಮತ್ತು ಎಸಿ (Ac). ಬಣ್ಣದ ಜೀನ್ ಒಳಗೆ ಡಿಎಸ್ ಕೂತರೆ ಕಾಳು ಬಣ್ಣಗೆಡುತ್ತದೆ. ಡಿಎಸ್ ತಾನಾಗೇ ಜಿಗಿಯಲಾರದು. ಅದನ್ನು ಕತ್ತರಿಸಿ ಎಬ್ಬಿಸಲು ಎಸಿ ತಯಾರಿಸುವ ಟ್ರಾನ್ಸ್‌ಪೋಸೇಸ್ ಕಿಣ್ವ ಬೇಕು. ಕಾಳು ಬೆಳೆಯುವಾಗ ಒಂದು ಕೋಶದಲ್ಲಿ ಡಿಎಸ್ ಎದ್ದು ಹೋದರೆ, ಆ ಕೋಶದ ಸಂತಾನವೆಲ್ಲ ನೇರಳೆ. ಬೇಗ ಎದ್ದರೆ ದೊಡ್ಡ ಚುಕ್ಕೆ, ತಡವಾದರೆ ಸಣ್ಣದು.

ತಲೆ ಕೆಡಿಸೋದು ಮುಂದಿನ ಹೆಜ್ಜೆ. ಡಿಎಸ್ ಕೂರುವಾಗ ಆ ಜಾಗದ 8 ಡಿಎನ್‌ಎ ಅಕ್ಷರ ಎರಡು ಪ್ರತಿಯಾಗುತ್ತವೆ, ಅದರ ಆಚೆ ಒಂದು, ಈಚೆ ಒಂದು. ಅದು ಎದ್ದು ಹೋದರೂ ಎರಡೂ ಪ್ರತಿ ಅಲ್ಲೇ ಉಳಿಯುತ್ತವೆ. ಅಂದರೆ ಜೀನ್‌ನಲ್ಲಿ 8 ಅಕ್ಷರ ಜಾಸ್ತಿ. ಪ್ರೋಟೀನ್‌ಗಾಗಿ ಓದೋದು ಮೂರು ಮೂರು ಅಕ್ಷರ. 8 ಮೂರರಿಂದ ಭಾಗವಾಗಲ್ಲ, ಅಲ್ಲಿಂದ ಮುಂದಿನ ಓದೆಲ್ಲ ಜರುಗುತ್ತದೆ. ಹಾಗಾದರೆ ನೇರಳೆ ಬಣ್ಣ ವಾಪಸ್ ಬರೋದು ಹೇಗೆ? ಕತ್ತರಿಸಿದ ತುದಿಗಳನ್ನು ಕೋಶ ಜೋಡಿಸುವಾಗ ಒಂದೆರಡು ಅಕ್ಷರ ಉದುರುತ್ತವೆ, ಬದಲಾಗುತ್ತವೆ. ಎರಡು ಉದುರಿ 6 ಉಳಿದರೆ ಓದು ಸರಿಹೋಗುತ್ತದೆ. ಪ್ರೋಟೀನ್‌ನಲ್ಲಿ ಎರಡು ಅಮೈನೋ ಆಮ್ಲ ಜಾಸ್ತಿ ಇದ್ದರೂ ಅದು ಕೆಲಸ ಮಾಡಬಹುದು. 7 ಉಳಿದರೆ ಡಿಎಸ್ ಹೋಗಿದ್ದರೂ ಬಣ್ಣವಿಲ್ಲ. ಹಾಗಾಗಿ ಚುಕ್ಕೆ ಎಣಿಸಿದರೆ ಎಲ್ಲ ಜಿಗಿತದ ಲೆಕ್ಕ ಸಿಗಲ್ಲ, ಬಣ್ಣ ಮರಳಿಸಿದ ಜಿಗಿತದ ಲೆಕ್ಕ ಮಾತ್ರ. ಡಿಎಸ್ ಇಂಟ್ರಾನ್‌ನಲ್ಲಿ (ಪ್ರೋಟೀನ್‌ಗಾಗಿ ಓದುವ ಮೊದಲೇ ಕತ್ತರಿಸಿ ತೆಗೆಯುವ ಭಾಗದಲ್ಲಿ) ಕೂತಿದ್ದರೆ ಈ ತಕರಾರೇ ಇಲ್ಲ.

ಇನ್ನೊಂದು ಉಲ್ಟಾ ಸಂಗತಿ: ಎಸಿ ಪ್ರತಿ ಹೆಚ್ಚಾದಷ್ಟೂ ಜಿಗಿತ ತಡವಾಗುತ್ತದೆ, ಚುಕ್ಕೆ ಸಣ್ಣದಾಗುತ್ತದೆ. ಎಂಡೋಸ್ಪರ್ಮ್‌ಗೆ ತಾಯಿಯಿಂದ ಎರಡು ಪಾಲು, ತಂದೆಯಿಂದ ಒಂದು. ಆದ್ದರಿಂದ ಲೆಕ್ಕ ಮಾಡುವಾಗ ಎಸಿ ಯಾವ ಕಡೆಯಿಂದ ಬಂತು ಅಂತ ಮೊದಲು ನೋಡಿ.

ಜಿಗಿತವಿಲ್ಲದೆಯೂ ಜೀನ್ ಕೆಲಸ ನಿಲ್ಲಿಸಬಹುದು. ಇಂಥ ಎಪಿಜೆನೆಟಿಕ್ ಬದಲಾವಣೆಯಲ್ಲಿ ಅಕ್ಷರ ಒಂದೂ ಕದಲಲ್ಲ. ಎಸಿ ಇದ್ದಲ್ಲೇ ಇರುತ್ತದೆ, ಅದರ ಸೈಟೋಸಿನ್‌ಗಳಿಗೆ (ಸಿ ಅಕ್ಷರಗಳಿಗೆ) ಮೆಥಿಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಳ್ಳುತ್ತದೆ, ಟ್ರಾನ್ಸ್‌ಪೋಸೇಸ್ ತಯಾರಾಗಲ್ಲ. ಚುಕ್ಕೆ ಇಲ್ಲದ ಕಾಳು ನೋಡಿ ಸುಮ್ನೆ ಎಸಿ ಇಲ್ಲ ಅಂತ ಬರೆಯಬೇಡಿ. ಅದು ಮುಂದಿನ ಪೀಳಿಗೆಯಲ್ಲಿ ಮತ್ತೆ ಚುರುಕಾಗಬಹುದು. ಪರೀಕ್ಷಿಸಲು ಹೆಚ್‌ಪಿಎ-2 ಮತ್ತು ಎಂಎಸ್‌ಪಿ-1 ಕಿಣ್ವ ಬಳಸಿ. ಎರಡೂ ಸಿಸಿಜಿಜಿ ಸರಣಿಯನ್ನೇ ಕತ್ತರಿಸುತ್ತವೆ. ಒಳಗಿನ ಸಿ ಮೇಲೆ ಮೆಥಿಲ್ ಇದ್ದರೆ ಮೊದಲನೆಯದು ಕತ್ತರಿಸಲ್ಲ, ಎರಡನೆಯದು ಕತ್ತರಿಸುತ್ತದೆ.