ಊರುಗೋಲು ಯಾವ ಕೈಗೆ? ಸೊಂಟದ ಕೀಲಿನ ಲೆಕ್ಕ

ಸೊಂಟದ ಕೀಲು ಸವೆದು ನೋವಾದವರು ಊರುಗೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕು ಎಂಬುದು ಬಿಪಿಟಿ (ಫಿಸಿಯೋಥೆರಪಿ ಪದವಿ) ಓದುವ ನಮಗೆಲ್ಲ ಬಾಯಿಪಾಠವಾಗಿರುತ್ತದೆ. ಆದರೆ ಕೊಡಗಿನ ಒಂದು ಆರೋಗ್ಯ ಕೇಂದ್ರದಲ್ಲಿ, ವರ್ಷಗಟ್ಟಲೆ ಕಾಫಿ ಕೊಯ್ದ ಅಜ್ಜಿಯೊಬ್ಬರು ಎದುರು ಕುಳಿತು, “ನೋವು ಇರೋದು ಬಲಗಡೆ, ಕೋಲು ಎಡಗೈಗೆ ಯಾಕಮ್ಮ?” ಎಂದು ಕೇಳಿದಾಗ ಬಾಯಿಪಾಠ ಸಾಲುವುದಿಲ್ಲ. ಕಾರಣ ಗೊತ್ತಿಲ್ಲದೆ ಹೇಳಿದ ಸಲಹೆಯನ್ನು ಅವರು ಮನೆಗೆ ಹೋದ ಮೇಲೆ ಪಾಲಿಸುವುದೂ ಇಲ್ಲ.

ಮೊದಲು ಪರೀಕ್ಷೆ. ನೋವಿನ ಚರಿತ್ರೆ, ಕೀಲಿನ ಚಲನೆಯ ಅಳತೆ, ಸ್ನಾಯುಬಲದ ದರ್ಜೆ ಇವು ಎಲ್ಲರಿಗೂ ತಿಳಿದ ಕ್ರಮ. ಅದಕ್ಕೂ ಮೊದಲು ಒಂದು ಎಚ್ಚರ ಬೇಕು: ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು ಕಾಲೂರಲಾರದೆ ಬಂದಿದ್ದರೆ, ಅಥವಾ ಮಲಗಿದಾಗ ಆ ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ, ಅವರನ್ನು ನಿಲ್ಲಿಸಿ ಪರೀಕ್ಷಿಸಬಾರದು. ವೈದ್ಯರು ನೋಡಿ ಎಕ್ಸ್‌ರೇ ಆಗಬೇಕು.

ಉಳಿದವರಲ್ಲಿ ಟ್ರೆಂಡೆಲೆನ್‌ಬರ್ಗ್ ಪರೀಕ್ಷೆ, ಅಂದರೆ ಒಂಟಿಕಾಲಿನಲ್ಲಿ ನಿಲ್ಲಿಸಿ ಸೊಂಟದ ಸ್ನಾಯುಬಲ ನೋಡುವ ಪರೀಕ್ಷೆ, ಮುಖ್ಯ. ನನಗೆ ಅತಿ ಹೆಚ್ಚು ಹೊತ್ತು ಹಿಡಿದ ಹಂತ ಇದೇ ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ. ಬಲಗಾಲಿನ ಮೇಲೆ ಮಾತ್ರ ನಿಲ್ಲಲು ಹೇಳಿದಾಗ ಪೆಲ್ವಿಸ್‌ನ (ಸೊಂಟದ ಮೂಳೆಗೂಡಿನ) ಎಡಬದಿ ಕೆಳಗೆ ಇಳಿದರೆ ದುರ್ಬಲವಾಗಿರುವುದು ಬಲಗಡೆಯ ಸ್ನಾಯು. ಇಳಿದ ಬದಿಗೇ ದೋಷವೆಂದು ಕಣ್ಣು ಹೇಳುತ್ತದೆ. ಕೆಲಸ ಮಾಡಬೇಕಾದ ಸ್ನಾಯು ಮಾತ್ರ ಊರಿದ ಕಾಲಿನ ಕಡೆಗಿದೆ. ಬಲ ಸೊಂಟದ ಹೊರಬದಿಯ ಗ್ಲೂಟಿಯಸ್ ಮೀಡಿಯಸ್ ಮತ್ತು ಗ್ಲೂಟಿಯಸ್ ಮಿನಿಮಸ್ ಎಂಬ ಸ್ನಾಯುಗಳು ಪೆಲ್ವಿಸ್‌ನ ಬಲ ಅಂಚನ್ನು ತೊಡೆಮೂಳೆಯತ್ತ ಕೆಳಕ್ಕೆ ಎಳೆದು ಹಿಡಿಯುವುದರಿಂದಲೇ ಎಡಬದಿ ಜೋತುಬೀಳದೆ ನಿಲ್ಲುತ್ತದೆ. ಬಲ ಸೊಂಟದ ಕೀಲನ್ನು ತಕ್ಕಡಿಯ ನಡುವಿನ ಆಧಾರಬಿಂದುವಿನಂತೆ ಭಾವಿಸಿದರೆ, ಒಳಬದಿಯಲ್ಲಿ ದೇಹದ ತೂಕವೂ ಹೊರಬದಿಯಲ್ಲಿ ಈ ಸ್ನಾಯುಗಳ ಎಳೆತವೂ ಒಂದನ್ನೊಂದು ಸರಿತೂಗಿಸುತ್ತವೆ.

ಈಗ ಲೆಕ್ಕ. ಅರ್ಥವಾಗಲೆಂದು ಅಂಕಿಗಳನ್ನು ಸುಲಭವಾಗಿ ಇಟ್ಟುಕೊಂಡಿದ್ದೇನೆ. 60 ಕಿಲೋ ತೂಕದವರಲ್ಲಿ ಊರಿದ ಕಾಲಿನ ತೂಕ ಸುಮಾರು 10 ಕಿಲೋ ಎಂದುಕೊಂಡರೆ, ಕೀಲು ಹೊರಬೇಕಾದದ್ದು ಉಳಿದ 50 ಕಿಲೋ. ಆ ತೂಕ ಕೀಲಿನಿಂದ 10 ಸೆಂಟಿಮೀಟರ್ ಒಳಗೆ, ಸ್ನಾಯುವಿನ ಎಳೆತ 5 ಸೆಂಟಿಮೀಟರ್ ಹೊರಗೆ ಇದೆ ಎನ್ನೋಣ. 50ನ್ನು 10ರಿಂದ ಗುಣಿಸಿದರೆ 500. ಅದನ್ನು ಸರಿದೂಗಿಸಲು 5 ಸೆಂಟಿಮೀಟರ್ ದೂರದಲ್ಲಿರುವ ಸ್ನಾಯು 500ನ್ನು 5ರಿಂದ ಭಾಗಿಸಿದಷ್ಟು, ಅಂದರೆ 100 ಕಿಲೋದಷ್ಟು ಎಳೆಯಬೇಕು. ತೂಕವೂ ಎಳೆತವೂ ಎರಡೂ ಕೆಳಮುಖವಾಗಿರುವುದರಿಂದ ಕೀಲಿನ ಮೇಲೆ ಬೀಳುವ ಒತ್ತಡ 150 ಕಿಲೋ, ಅಂದರೆ ದೇಹದ ತೂಕದ ಎರಡೂವರೆ ಪಟ್ಟು. ಕೀಲನ್ನು ಹೆಚ್ಚು ಹಿಂಡುವುದು ತೂಕಕ್ಕಿಂತ ಸ್ನಾಯುವಿನ ಎಳೆತವೇ ಎಂಬುದನ್ನು ಇಲ್ಲಿ ಗಮನಿಸಬೇಕು.

ಎಡಗೈಯಲ್ಲಿ ಕೋಲು ಹಿಡಿದು ಕೇವಲ 5 ಕಿಲೋದಷ್ಟು ಒತ್ತಿದರೂ, ಆ ಕೋಲು ಬಲ ಕೀಲಿನಿಂದ ಸುಮಾರು 50 ಸೆಂಟಿಮೀಟರ್ ದೂರದಲ್ಲಿರುವುದರಿಂದ 250ರಷ್ಟು ನೆರವು ಸಿಗುತ್ತದೆ. ಸ್ನಾಯುವಿಗೆ ಉಳಿಯುವುದು 250, ಎಂದರೆ 50 ಕಿಲೋ ಎಳೆತ. ಕೀಲಿನ ಒತ್ತಡ, ತೂಕದ 50ಕ್ಕೆ ಎಳೆತದ 50 ಕೂಡಿಸಿ ಕೋಲು ಹೊತ್ತ 5 ಕಳೆದರೆ, 95 ಕಿಲೋ. ಕೈಯ ಸಣ್ಣ ಒತ್ತಿಗೆ ಕೀಲಿನಿಂದ 55 ಕಿಲೋ ಇಳಿಯಿತು. ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಲೆಕ್ಕ ಇದು. ಕೋಲನ್ನು ಬಲಗೈಯಲ್ಲೇ ಹಿಡಿದರೆ ಅದರ ಮೇಲ್ಮುಖ ಒತ್ತು ಕೀಲಿನ ಹೊರಬದಿಯಲ್ಲಿ ಬೀಳುವುದರಿಂದ ಎಡಬದಿಯ ಇಳಿತವನ್ನು ತಡೆಯುವುದಿಲ್ಲ. ಹಾಗೆ ಹಿಡಿದವರಿಗೆ ಸ್ವಲ್ಪ ಹಿತವೆನಿಸುವುದು ಅವರು ಮೈಯನ್ನು ಬಲಕ್ಕೆ ವಾಲಿಸಿ ತೂಕವನ್ನು ಕೀಲಿನ ಮೇಲಕ್ಕೇ ತರುವುದರಿಂದ, ಮತ್ತು ಆ ವಾಲಿಕೆಯ ಹೊರೆ ಬೆನ್ನಿಗೆ ಬೀಳುತ್ತದೆ.

ಕೋಲಿನ ಎತ್ತರವನ್ನು ರೋಗಿ ದಿನವೂ ಧರಿಸುವ ಚಪ್ಪಲಿಯೊಂದಿಗೆ ನಿಂತಾಗಲೇ ಅಳೆಯಬೇಕು. ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಗೆರೆಗೆ ಬರಬೇಕು. ಹಿಡಿದಾಗ ಮೊಣಕೈ 20ರಿಂದ 30 ಡಿಗ್ರಿ ಬಾಗಿರಬೇಕು. ನಡೆಯುವಾಗ ಕೋಲೂ ನೋವಿನ ಕಾಲೂ ಒಟ್ಟಿಗೆ ಮುಂದೆ ಹೋಗಬೇಕು.

ಸಮತಟ್ಟಾದ ಕೊಠಡಿಯಲ್ಲಿ ಇಷ್ಟು ಕಲಿಸಿ ಕಳುಹಿಸಿದರೆ ಮಡಿಕೇರಿಯಂಥ ಕಡೆ ಕೆಲಸ ಅರ್ಧವೇ ಆದಂತೆ. ಮನೆಯಿಂದ ರಸ್ತೆಗೆ ಬರಲು, ಲೈನ್ ಮನೆಯಿಂದ (ತೋಟದ ಕಾರ್ಮಿಕರ ಸಾಲುಮನೆಯಿಂದ) ತೋಟಕ್ಕೆ ಇಳಿಯಲು ಮೆಟ್ಟಿಲುಗಳಿರುತ್ತವೆ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಆಮೇಲೆ ನೋವಿನ ಕಾಲು ಮತ್ತು ಕೋಲು. ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು, ಆಮೇಲೆ ಒಳ್ಳೆಯದು. ಹತ್ತುವಾಗ ದೇಹವನ್ನು ಎತ್ತುವುದು ಮೇಲಿಟ್ಟ ಕಾಲು, ಇಳಿಯುವಾಗ ದೇಹವನ್ನು ತಡೆದು ಇಳಿಸುವುದು ಮೇಲೆ ಉಳಿದ ಕಾಲು. ಎರಡೂ ಕಡೆ ಶ್ರಮದ ಪಾಲು ಒಳ್ಳೆಯ ಕಾಲಿನದೇ ಎಂದು ತಿಳಿದರೆ ಕ್ರಮ ಮರೆಯುವುದಿಲ್ಲ.

ಅಜ್ಜಿಯ ಕೋಲು ಕಾಫಿ ಗಿಡದ ಕಟ್ಟಿಗೆಯದು, ಗಟ್ಟಿಯಾಗಿತ್ತು, ಆದರೆ ತುದಿಗೆ ರಬ್ಬರ್ ಇರಲಿಲ್ಲ. ಜೂನ್‌ನಿಂದ ಪಾಚಿ ಹಿಡಿಯುವ ಕಲ್ಲುಮೆಟ್ಟಿಲಿನ ಮೇಲೆ ಬರಿ ಮರದ ತುದಿ ಜಾರುತ್ತದೆ. ಆದ್ದರಿಂದ ಪ್ರತಿ ಭೇಟಿಯಲ್ಲೂ ಕೋಲನ್ನು ತಲೆಕೆಳಗು ಮಾಡಿ, ರಬ್ಬರ್ ಇದೆಯೇ, ಅದರ ಗೀರುಗಳು ಸವೆದಿವೆಯೇ ಎಂದು ನೋಡಿ, ಟಿಪ್ಪಣಿಯಲ್ಲಿ ಕೀಲಿನ ಅಳತೆಯ ಪಕ್ಕದಲ್ಲೇ ಅದನ್ನೂ ಬರೆಯಬೇಕು.