ಇಬ್ಬನಿ ಸುರಿಸುವ ಕುದುರೆ

ನಾರ್ಸ್ ಪುರಾಣದ, ಅಂದರೆ ಉತ್ತರ ಯುರೋಪಿನ ಸ್ಕ್ಯಾಂಡಿನೇವಿಯಾದ ಹಳೆಯ ಕಥೆಗಳ ಕುದುರೆ ಎಂದರೆ ಎಲ್ಲರಿಗೂ ನೆನಪಾಗುವುದು ದೇವರುಗಳ ಒಡೆಯ ಓಡಿನ್‌ನ ಎಂಟು ಕಾಲಿನ ಸ್ಲೈಪ್ನಿರ್. ನನಗೆ ಮಾತ್ರ ಒಂದೆರಡು ಸಾಲಲ್ಲಿ ಬಂದುಹೋಗುವ ಪುಡಿ ಪಾತ್ರಗಳೇ ಇಷ್ಟ. ದೊಡ್ಡ ದೇವರುಗಳಿಗೆ ಜಗಳ, ಮೋಸದಿಂದ ಪುರುಸೊತ್ತಿಲ್ಲ. ಬೆಳಗಾಗೋದು ಹೇಗೆ, ಹುಲ್ಲು ಯಾಕೆ ಒದ್ದೆ ಎಂಬ ಪ್ರಶ್ನೆಗಳು ಈ ಚಿಕ್ಕವರ ಪಾಲು.

ರಾತ್ರಿಯ ಹೆಸರು ನೋಟ್. ಅವಳ ಕುದುರೆ ಹ್ರಿಮ್‌ಫಾಕ್ಸಿ. ಅದರ ಕಡಿವಾಣದಿಂದ ಉದುರುವ ನೊರೆಯೇ ಬೆಳಗಿನ ಇಬ್ಬನಿಯಂತೆ. ಅವಳ ಮಗ ಡಾಗ್, ಅಂದರೆ ಹಗಲು. ಅವನ ಕುದುರೆ ಸ್ಕಿನ್‌ಫಾಕ್ಸಿಯ ಅಯಾಲು ಹೊಳೆದರೆ ಭೂಮಿ, ಆಕಾಶ ಎಲ್ಲ ಬೆಳಕು.

ಇಬ್ಬನಿ ಮೇಲಿಂದ ಬೀಳುತ್ತದೆ ಎಂದು ಆ ಕಾಲದವರು ಅಂದುಕೊಂಡದ್ದರಲ್ಲಿ ತಪ್ಪೇನಿಲ್ಲ. ಅದು ಬೀಳುವುದಿಲ್ಲ, ಎಲೆಯ ಮೇಲೇ ಹುಟ್ಟುತ್ತದೆ ಎಂದು ಪ್ರಯೋಗ ಮಾಡಿ ವಿವರಿಸಿದ ವಿಲಿಯಂ ಚಾರ್ಲ್ಸ್ ವೆಲ್ಸ್ ಪುಸ್ತಕ ಬಂದದ್ದೇ 1814ರಲ್ಲಿ. ರಾತ್ರಿ ಹುಲ್ಲು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ. ಗಾಳಿಯಲ್ಲಿರುವ ನೀರಾವಿ ಅಲ್ಲಿ ಹನಿಗಟ್ಟುತ್ತದೆ. ಮೋಡ ಕವಿದ ರಾತ್ರಿ ಇಬ್ಬನಿ ಕಡಿಮೆ, ಏಕೆಂದರೆ ಮೋಡ ಆ ಬಿಸಿಯನ್ನು ಸ್ವಲ್ಪ ವಾಪಸ್ ಕಳಿಸುತ್ತದೆ.

ಇನ್ನು ಸೂರ್ಯನ ರಥ. ಅದನ್ನು ಹೊಡೆಯುವವಳು ಸೋಲ್. ಎಳೆಯುವುದು ಅರ್ವಾಕ್, ಅಲ್ಸ್ವಿದ್ ಎಂಬ ಎರಡು ಕುದುರೆ. ಅಷ್ಟು ಬಿಸಿಯ ಪಕ್ಕದಲ್ಲಿ ಓಡಿದರೆ ಕುದುರೆ ಸುಟ್ಟುಹೋಗಬೇಕಲ್ವಾ? ಸುಮಾರು 1220ರಲ್ಲಿ ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ಇದಕ್ಕೂ ಉತ್ತರ ಬರೆದಿಟ್ಟಿದ್ದಾನೆ: ದೇವರುಗಳು ಕುದುರೆಗಳ ಹೆಗಲ ಕೆಳಗೆ ಎರಡು ತಿದಿ ಕಟ್ಟಿದರಂತೆ, ತಂಪಾಗಲಿ ಅಂತ. ಕುಲುಮೆಯಲ್ಲಿ ಬೆಂಕಿ ಏರಿಸುವ ತಿದಿಗೆ ಇಲ್ಲಿ ತದ್ವಿರುದ್ಧ ಕೆಲಸ! ಹಳೆಯ ಪದ್ಯವೊಂದರಲ್ಲಿ ಸೂರ್ಯನ ಮುಂದೆ ಸ್ವಾಲಿನ್ ಎಂಬ ಗುರಾಣಿಯೂ ಇದೆ. ಅದು ಬಿದ್ದರೆ ಬೆಟ್ಟ, ಸಮುದ್ರ ಎಲ್ಲ ಉರಿದುಹೋಗುತ್ತವೆ.

ಓಡಿನ್‌ನ ಹೆಂಡತಿ ಫ್ರಿಗ್ ದೇವಿಯ ಕೆಲಸಕ್ಕೆ ಓಡಾಡುವ ಗ್ನಾಳದ್ದು ತಮಾಷೆಯ ಕಥೆ. ಅವಳ ಕುದುರೆ ಹೋಫ್‌ವರ್ಪ್‌ನಿರ್ ಗಾಳಿಯಲ್ಲೂ ನೀರಿನ ಮೇಲೂ ಹೋಗುತ್ತದೆ. 'ಅಲ್ಲಿ ಹಾರುತ್ತಿರುವುದೇನು?' ಎಂದು ಯಾರೋ ಕೇಳಿದರೆ, 'ನಾನು ಹಾರುತ್ತಿಲ್ಲ, ಕುದುರೆ ಮೇಲೆ ಹೋಗುತ್ತಿದ್ದೇನೆ' ಎನ್ನುತ್ತಾಳೆ. ಇತ್ತ ಪಾಪ, ಗುಡುಗಿನ ದೇವರು ಥಾರ್ ದಿನಾ ದೇವರುಗಳ ಸಭೆಗೆ ನದಿ ದಾಟಿಕೊಂಡು ನಡೆದೇ ಹೋಗಬೇಕು.

ಸೂರ್ಯನನ್ನು ಕುದುರೆ ಎಳೆಯುವ ಕಲ್ಪನೆ ಮಾತ್ರ ಸ್ನೋರಿಗಿಂತ ತುಂಬಾ ಹಳೆಯದು. 1902ರಲ್ಲಿ ಡೆನ್ಮಾರ್ಕಿನ ಟ್ರುಂಡ್‌ಹೋಮ್ ಜೌಗಿನಲ್ಲಿ ಉಳುವಾಗ ಚಕ್ರದ ಮೇಲೆ ನಿಂತ ಕಂಚಿನ ಕುದುರೆಯೊಂದು ಸಿಕ್ಕಿತು. ಅದರ ಹಿಂದೆ ಒಂದು ದುಂಡು ಬಿಲ್ಲೆ. ವಯಸ್ಸು ಸುಮಾರು 3,400 ವರ್ಷ. ಬಿಲ್ಲೆಯ ಒಂದೇ ಮುಖಕ್ಕೆ ಚಿನ್ನದ ತಗಡು ಹೊದಿಸಿದ್ದಾರೆ. ಕುದುರೆ ಬಲಕ್ಕೆ ಹೊರಟಂತೆ ನಿಲ್ಲಿಸಿದರೆ ಚಿನ್ನದ ಮುಖ, ತಿರುಗಿಸಿದರೆ ಕಪ್ಪು ಮುಖ. ಉತ್ತರ ದೇಶದಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಸೂರ್ಯ ಸಾಗುವುದೂ ಎಡದಿಂದ ಬಲಕ್ಕೇ. ಹಾಗಾಗಿ ಚಿನ್ನದ್ದು ಹಗಲಿನ ಪಯಣ, ಇನ್ನೊಂದು ರಾತ್ರಿ ವಾಪಸ್ ಬರುವ ಪಯಣ ಎಂದು ಹಲವು ವಿದ್ವಾಂಸರು ಓದುತ್ತಾರೆ.